ಒಂದೇ ಕೂಗಿಗೆ ಓಗೊಡುವ ಸಾಹೇಬರು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಐಮಂಗಲದ ಮುದ್ದಕ್ಕ. 1975ರ ಯುಗಾದಿ ಕಳೆದ ಮೂರನೆಯ ದಿನ, ರಾಗಿ ಬೀಸುತ್ತ. ಬೀಸುವ ಪದಗಳನ್ನು ಬರೆದುಕೊಳ್ಳಲು ಹೋಗಿದ್ದೆ. ಆಕೆ ನಡುವೆಯೇ ಕಲ್ಲು ನಿಲ್ಲಿಸಿ, "ಪದ ಎಲ್ಲಾರ ಮನೇಲೂ ಸಿಕ್ತವೆ ಬಿಡ್ರಿ. ನಮ್ಮ ತವರು ಹಟ್ಟೀಲಿ ಬರ್ಮಾ ಸಾಹೇಬ್ರು ಅಂತ ಒಬ್ರವ್ರೆ. ಸಮುದ್ರ ಅಳ್ದು ಬಂದೋರು, ಈಗ ನಮ್ಮ ಹಿನ್ನೀರು ಅಳೀತಾರೆ. ಅಲ್ಲಿ ಹೋಗಿ ಬರ್ಕಳ್ರಿ" ಎಂದರು. ಬಳಿಕ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ನಂಬಲು ಮಾತ್ರ ಆಗಲಿಲ್ಲ. ಈ ಮಾಗಿಯಲ್ಲಿ ಹಟ್ಟಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದೇನೆ.

ಬೆಳಗಿನ ಆರು ಗಂಟೆ. ಮಾರಿಕಣಿವೆಯ ಹಿನ್ನೀರಿನ ಮೇಲೆ ಮಂಜು ಕೂತಿದೆ. ನೀರಿಗೂ ದಂಡೆಗೂ ಒಂದೇ ಬೂದಿ ಬಣ್ಣ. ಹರಿಗೋಲು ಕಾಣುವುದಿಲ್ಲ, ದನಿ ಮಾತ್ರ ಬರುತ್ತದೆ.

"ನಾಲ್ಕು ಮಾರು!"

ದಂಡೆಯಲ್ಲಿ ಕಂಬಳಿ ಹೊದ್ದು ಕುಳಿತ ಚಿತ್ತಮ್ಮ ಎಂಬ ಮುದುಕಿ ಅದನ್ನೇ ತಿರುಗಿ ಕೂಗುತ್ತಾರೆ: "ನಾಲ್ಕು ಮಾರು!"

"ಮೂರು ಮಾರು!"

"ಮೂರು ಮಾರು! ಗಂಟ್ಲು ಕಟ್ತಾ ಐತೆ, ಬೇಗ ಬಾರಪ್ಪ!"

ಮಂಜಿನೊಳಗಿಂದ ನಗು ಕೇಳಿಸುತ್ತದೆ. ಅದರ ಹಿಂದೆ ಹರಿಗೋಲು, ಅದರಲ್ಲಿ ಕುಳ್ಳಗೆ, ನೆಟ್ಟಗೆ ಕುಳಿತ ಮನುಷ್ಯ.

ಇವರು ಮಾಂಗ್ ಲ್ವಿನ್. ವಯಸ್ಸು ಐವತ್ತೆರಡು. ಬರ್ಮಾದ ಮೌಲ್ಮೇನಿನಲ್ಲಿ ಹಡಗಿಗೆ ದಾರಿ ತೋರುವವರ ಮನೆಯಲ್ಲಿ ಹುಟ್ಟಿದವರು. 1942ರಲ್ಲಿ ಊರಿನ ಮೇಲೆ ಬಾಂಬು ಬಿದ್ದಾಗ ಕಾಡುದಾರಿಯಲ್ಲಿ ನಡೆದು ಅಸ್ಸಾಮಿಗೆ ಬಂದರು. ಒಟ್ಟಿಗೆ ಹೊರಟ ಐವರಲ್ಲಿ ತಲುಪಿದ್ದು ಇವರೊಬ್ಬರೇ. ಮರುವರ್ಷ ನೌಕಾದಳ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಈ ದೇಶದ ಪೌರರಾಗಿ ಇಲ್ಲಿಯೇ ಉಳಿದರು. ಇಪ್ಪತ್ತಾರು ವರ್ಷಗಳ ಸೇವೆಯ ಬಹುಪಾಲು ಕಳೆದದ್ದು ಸಮುದ್ರದ ಆಳ ಅಳೆಯುವುದರಲ್ಲಿ. ಹಡಗುಗಳು ನಂಬಿ ಸಾಗುವ ನಕ್ಷೆಗಳಲ್ಲಿ ಇವರು ಅಳೆದ ಅಂಕೆಗಳಿವೆ, ಹೆಸರಿಲ್ಲ.

ಕೆಲಸ ಈಗಲೂ ಅದೇ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಹಳೆಯ ಊರೊಂದರ ಗೋಡೆಗಳಿವೆ, ಮರದ ಬೊಡ್ಡೆಗಳಿವೆ. ನೀರು ಇಳಿದಂತೆಲ್ಲ ಅವು ಹರಿಗೋಲಿನ ತಳ ಸೀಳುತ್ತವೆ. ಹೊಸದುರ್ಗದ ಕಡೆಯ ದಂಡೆಗೆ ದಿನಕ್ಕೆ ಇಪ್ಪತ್ತು ಮೂವತ್ತು ಮಂದಿ, ಕೆಲವು ಕುರಿ, ದಾಟಬೇಕು. ಅವರಿಗಿಂತ ಮೊದಲು ಸಾಹೇಬರು ಹದಿನಾಲ್ಕು ಕಡೆ ಆಳ ನೋಡಿ, ಅಪಾಯದ ಜಾಗಕ್ಕೆ ಬಿದಿರು ನೆಡುತ್ತಾರೆ. ಅವರ ಹಗ್ಗದ ತುದಿಗೆ ಸೀಸದ ಗುಂಡು. ಎರಡು ಮಾರಿಗೆ ಗುರುತಾಗಿ ಎರಡು ಬಾಲದ ತೊಗಲಿನ ಪಟ್ಟಿ, ಮೂರಕ್ಕೆ ಮೂರು ಬಾಲ, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು. ಕಣ್ಣು ಮುಚ್ಚಿಕೊಂಡೂ ಬೆರಳಲ್ಲಿ ಓದಬಹುದು. ಗುಂಡಿನ ಅಡಿಯ ಕುಳಿಯೊಳಗೆ ಕುರಿಯ ಕೊಬ್ಬು ಮೆತ್ತುತ್ತಾರೆ. ತಳದಲ್ಲಿ ಏನಿದೆಯೋ ಅದು ಅಂಟಿ ಮೇಲೆ ಬರುತ್ತದೆ. ನಾನಿದ್ದಾಗ ಒಂದು ದಿನ ಮರಳು ಬಂತು, ಒಂದು ದಿನ ಗೋಡೆಯ ಸುಣ್ಣ. ಮೂರನೆಯ ದಿನ ಬಂದದ್ದು ಇದ್ದಿಲು.

"ಯಾರದೋ ಒಲೇದು" ಎನ್ನುತ್ತಾರೆ ಸಾಹೇಬರು, ಅದನ್ನು ಬೆರಳಲ್ಲಿ ಉಜ್ಜುತ್ತ. "ಎದ್ದು ಹೋಗುವಾಗ ಆರ್ಸಿರ್ತಾರೆ."

ಮಂಜಿನಲ್ಲಿ ನೀರಿನ ಕಡೆಯಿಂದ ಕೂಗು ಬಂದರೆ ಮೂರನೆಯ ಸಲದವರೆಗೆ ಓಗೊಡಬಾರದೆಂಬುದು ಈ ಹಟ್ಟಿಯ ಕಟ್ಟು. ಬದುಕಿರುವವರು ಮೂರು ಸಲ ಕೂಗುತ್ತಾರೆ. ನೀರೊಳಗಿನವರಿಗೆ ಎರಡಕ್ಕೇ ಉಸಿರು ತೀರುತ್ತದೆ. ಅವಸರದಲ್ಲಿ ಓಗೊಟ್ಟರೆ ಕೂಗಿದ್ದು ಆ ದನಿಯ ಜಾಡು ಹಿಡಿದು ಮನೆಗೆ ಬರುತ್ತದೆ.

ಚಿತ್ತಮ್ಮನ ಒಬ್ಬನೇ ಮಗ ಎತ್ತಪ್ಪ ನೌಕಾದಳದಲ್ಲಿದ್ದ. ಲ್ವಿನ್ ಅವರ ತಂಡದಲ್ಲಿ ಗುಂಡು ಇಳಿಸಿ ಆಳ ಕೂಗುವವನು. ಸಾಹೇಬರಿಗೆ ಮೊದಲ ಕನ್ನಡ ಕಲಿಸಿದವನೂ ಅವನೇ: ಒಂದರಿಂದ ಇಪ್ಪತ್ತರವರೆಗಿನ ಎಣಿಕೆ, ಮತ್ತೆ 'ಮಾರು'. 1963ರ ಒಂದು ಮುಂಜಾನೆ ಬಂಗಾಳ ಕೊಲ್ಲಿಯ ಮಂಜಿನಲ್ಲಿ ಅವನಿದ್ದ ದೋಣಿ ಮಗುಚಿತು. ಲ್ವಿನ್ ಇನ್ನೊಂದು ದೋಣಿಯಲ್ಲಿದ್ದರು.

"ಒಂದ್ಸಲ ಕೂಗ್ದ. ಇನ್ನೊಂದ್ಸಲ ಕೂಗ್ಲಿ, ದಿಕ್ಕು ಗೊತ್ತಾಗ್ಲಿ ಅಂತ ಸುಮ್ನಿದ್ದೆ. ನಾನು ಓ ಅಂದಿದ್ರೆ ಅವನೇ ನನ್ ಕಡೆ ಈಜ್ತಿದ್ದ. ಯಾರೂ ಇಲ್ಲ ಅನ್ಕಂಡ."

ಮರುವರ್ಷ ಎತ್ತಪ್ಪನ ತಗಡಿನ ಪೆಟ್ಟಿಗೆ ಹೊತ್ತು ಅವರೇ ಹಟ್ಟಿಗೆ ಬಂದರು. ಚಿತ್ತಮ್ಮ ಕೇಳಿದ್ದು ಒಂದೇ ಮಾತು: "ಕೂಗಿದ್ನೇನಪ್ಪ ನನ್ನ ಮಗ?"

"ಕೂಗ್ದ ಅವ್ವ. ಒಂದ್ಸಲ."

"ಒಂದ್ಸಲಕ್ಕೆ ನಮ್ಮಲ್ಲೂ ಯಾರೂ ಓಗೊಡಲ್ಲ. ನಿನ್ನ ತಪ್ಪೇನೈತೆ? ಕುಂತ್ಕ, ಉಣ್ಣು."

ಆ ಕ್ಷಮೆಯನ್ನು ಒಪ್ಪಿಕೊಳ್ಳಲು ತಮ್ಮಿಂದ ಆಗಲಿಲ್ಲವೆಂದು ಸಾಹೇಬರು ಹೇಳುತ್ತಾರೆ. 1969ರಲ್ಲಿ ನಿವೃತ್ತರಾದವರು ನೇರವಾಗಿ ಇಲ್ಲಿಗೇ ಬಂದು, ಹಟ್ಟಿಯ ಬೇಲಿಯ ಹೊರಗೆ ಗುಡಿಸಲು ಹಾಕಿದರು. ಒಂದೇ ಕೂಗಿಗೆ ಓಗೊಡಿ ಎಂದು ಆರು ವರ್ಷ ಬೇಡಿಕೊಂಡರು. ಯಾರೂ ಕೇಳಲಿಲ್ಲ. ಚಿತ್ತಮ್ಮನಂತೂ ಕೇಳುವಂತಿರಲಿಲ್ಲ: ಕಟ್ಟು ಸುಳ್ಳಾದರೆ ಅವರ ಮಗ ಬದುಕಬಹುದಿತ್ತು ಎಂದಾಗುತ್ತದೆ.

ಕಳೆದ ವರ್ಷದ ಜನವರಿಯಲ್ಲಿ ಸಾಹೇಬರು ಜ್ವರ ಹಿಡಿದು ಮಲಗಿದರು. ದನಿ ಪೂರ್ತಿ ಹೋಗಿತ್ತು; ಹಗ್ಗ ಎರಡು ದಿನದಿಂದ ಗುಡಿಸಲ ಒಳಗೆ ಗೂಟದಲ್ಲಿತ್ತು. ಕುರಿ ಕಾಯುವ ಜುಂಜಣ್ಣ, ಕುಂಟುವ ಕುರಿಯೊಂದನ್ನು ಕರೆತರಲು, ತಾನೇ ಹರಿಗೋಲು ತೆಗೆದುಕೊಂಡು ಆಚೆ ಹೋಗಿದ್ದ. ಬೆಳಗಿನ ಮಂಜಿನಲ್ಲಿ ಮರಳುವಾಗ ಬೊಡ್ಡೆಗೆ ತಗುಲಿ ಹರಿಗೋಲು ಮುಳುಗಿತು. "ಅವ್ವಾ!" ಎಂಬ ಕೂಗು ಬಂದಾಗ ದಂಡೆಯಲ್ಲಿ ಹನ್ನೊಂದು ಮಂದಿ ಇದ್ದರು. ಎಲ್ಲರೂ ಎರಡನೆಯದಕ್ಕೆ ಕಾದರು.

ಮುಂದಿನದನ್ನು, ಆಗ ತವರಿಗೆ ಬಂದು ದಂಡೆಯಲ್ಲಿಯೇ ಇದ್ದ ಮುದ್ದಕ್ಕ ಹೇಳುತ್ತಾರೆ: "ಸಾಹೇಬ್ರು ಕಂಬ್ಳಿ ಎಳ್ಕಂಡು ಓಡಿ ಬಂದ್ರು. ಬಾಯಿ ತೆಗೆದ್ರೆ ಗಾಳಿ ಬರ್ತದೆ, ದನಿಯಿಲ್ಲ. ಚಿತ್ತಜ್ಜಿ ಕೈ ಹಿಡ್ಕಂಡು ಅಲ್ಲೇ ಕುಸುದ್ರು. ಅಜ್ಜಿ ಅವರ ಮುಖ ನೋಡಿದ್ಲು, ನೀರು ನೋಡಿದ್ಲು. ಆಮೇಲೆ ಎದ್ದು ನಿಂತು ಕೂಗಿದ್ಲು ನೋಡ್ರಿ, 'ಓ ಮಗಾ, ಇಲ್ಲಿದೀನಿ ಬಾ!'"

ಜುಂಜಣ್ಣ ಬಂದ. ಅವನ ಮಾತನ್ನು ಎರಡು ಸಲ ಕೇಳಿ ಬರೆದುಕೊಂಡಿದ್ದೇನೆ; ಎರಡು ಸಲವೂ ಒಂದಕ್ಷರ ಬದಲಾಗಲಿಲ್ಲ.

"ಅಜ್ಜಿ ಕೂಗಿದ್ದು ಕೇಳ್ತು, ಎತ್ಲಾಗಿಂದ ಅಂತ ತಿಳೀಲಿಲ್ಲ. ಆಮೇಲೆ ನನ್ನ ಮುಂದ್ಗಡೆ ಒಬ್ಬ ಗಂಡಸು, 'ಐದು ಮಾರು' ಅಂದ. ತಡದು, 'ಮೂರು ಮಾರು'. ಸಾಹೇಬ್ರು ಅನ್ಕಂಡು ದನಿ ಹಿಂದೇನೇ ಈಜ್ದೆ. ಎರಡು ಅಂದ. ಒಂದು ಅಂದ. ಕಾಲಿಗೆ ಕೆಸರು ಸಿಕ್ತು. ದಂಡೇಲಿ ನೋಡಿದ್ರೆ ಸಾಹೇಬ್ರು ನೆಲದ ಮೇಲೆ ಕುಂತವ್ರೆ, ಮಾತಿಲ್ಲ."

ದಂಡೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಎಣಿಸುವ ದನಿಯನ್ನು ಕೇಳಿದವರು ಚಿತ್ತಮ್ಮನೊಬ್ಬರೇ. ಯಾರದೆಂದು ಕೇಳಿದ್ದಕ್ಕೆ ನನ್ನನ್ನು ದಿಟ್ಟಿಸಿ, "ಹೆತ್ತೋಳನ್ನ ಇದನ್ನ ಕೇಳ್ತಾರೇನ್ರಿ?" ಎಂದರು.

ಸಾಹೇಬರು ಪ್ರತಿ ಮುಂಜಾನೆಯ ಅಳತೆಯನ್ನು ನೋಟುಪುಸ್ತಕದಲ್ಲಿ ಬರೆಯುತ್ತಾರೆ. ಆ ದಿನದ ಪುಟದಲ್ಲಿ ಅಳತೆಯಿಲ್ಲ. ಇರುವುದು ಒಂದು ಸಾಲು: ಗೂಟದಲ್ಲಿದ್ದ ಹಗ್ಗ ಐದು ಮಾರಿನ ಬಿಳಿ ಬಟ್ಟೆಯವರೆಗೆ ಒದ್ದೆಯಾಗಿದೆ, ಮಂಜಿನಿಂದ ಇರಬಹುದು. ಅದರ ಮೇಲಿನ ಹಗ್ಗ ಹೇಗಿತ್ತೆಂದು ಕೇಳಿದೆ.

"ಒಣಗಿತ್ತು" ಎಂದರು.

ಮರುದಿನದಿಂದ ಚಿತ್ತಮ್ಮ ದಂಡೆಯಲ್ಲಿ ಕುಳಿತು ಅಳತೆಯನ್ನು ತಿರುಗಿ ಕೂಗುತ್ತಿದ್ದಾರೆ. ಕೂಗಿದ್ದು ಕೇಳಿಸಿತು ಎಂದು ತಿಳಿಸುವ ಈ ಪದ್ಧತಿ ಹಡಗಿನದು. ಈ ಸಲದ ಗಣರಾಜ್ಯ ದಿನದಂದು ಶಾಲೆಯ ಮುಖ್ಯೋಪಾಧ್ಯಾಯ ಶಿವಕುಮಾರಪ್ಪನವರು ಬಾವುಟ ಏರಿಸಲು ಸಾಹೇಬರನ್ನು ಕರೆದರು. ಅವರು ಎದೆಗೆ ಪದಕ ಸಿಕ್ಕಿಸಿಕೊಂಡು ಹೋಗಿ, ಬಾವುಟದ ಹಗ್ಗವನ್ನು ಚಿತ್ತಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತರಂತೆ.

ಕೊನೆಯ ಸಂಜೆ ಹಟ್ಟಿಯ ಬೇಲಿಯ ಬಳಿ ಹತ್ತಾರು ಜನ ಕೂತಿದ್ದೆವು. ನಿಮಗೇನು ಆಸೆ ಎಂದು ಸಾಹೇಬರನ್ನು ಕೇಳಿದೆ.

"ಈ ದೇಶದೋನು ಅಂತ ಸರ್ಕಾರ ಕಾಗದ ಕೊಟ್ಟೈತೆ. ಪದಕಾನೂ ಕೊಟ್ಟೈತೆ. ಇನ್ನೇನು? ನಾನಿಲ್ದಾಗಲೂ ಒಂದೇ ಕೂಗಿಗೆ ಓ ಅನ್ರಿ, ಸಾಕು."

"ಅಂತೀವಿ, ನಿಮ್ಮ ಗಂಟ್ಲಿಗಿಂತ ನಮ್ಮದು ವಾಸಿ" ಎಂದ ಜುಂಜಣ್ಣ. ಎಲ್ಲರೂ ನಕ್ಕರು.

ಆ ನಗು ನಿಲ್ಲುವಷ್ಟರಲ್ಲಿ ನೀರಿನ ಕಡೆಯಿಂದ ಒಂದು ಕೂಗು ಬಂತು. ಒಂದೇ. ಹಟ್ಟಿಯವರು ಯಾರೂ ನೀರಿಗೆ ಹೋಗಿರಲಿಲ್ಲ, ಹರಿಗೋಲು ದಂಡೆಯ ಮೇಲೆ ಬೋರಲಾಗಿತ್ತು. ಯಾರೂ ಎರಡನೆಯದಕ್ಕೆ ಕಾಯಲಿಲ್ಲ. ಚಿತ್ತಮ್ಮ "ಓ" ಎಂದರು. ಅವರ ಹಿಂದೆಯೇ ಉಳಿದವರೆಲ್ಲ. ಸಾಹೇಬರು ಹಗ್ಗ ಹೆಗಲಿಗೇರಿಸಿ ದಂಡೆಗೆ ಇಳಿದರು, ಕೂಗಿದರು, ಬಹಳ ಹೊತ್ತು ನಿಂತು ನೋಡಿ ಮರಳಿದರು.

"ಯಾರೂ ಇಲ್ಲ ಅವ್ವ."

"ಇದ್ರೆ ಕೇಳಿಸ್ಕಂಡಿರ್ತಾನೆ ಬಿಡಪ್ಪ" ಎಂದು ಚಿತ್ತಮ್ಮ ಮೊಣಕಾಲು ಹಿಡಿದು ಮೇಲೆದ್ದರು. ಉಳಿದವರೂ ಕಂಬಳಿ ಕೊಡವಿಕೊಂಡು ಎದ್ದು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗೆ ಹೋದರು.