ಕಲ್ಲಿಗೆ ಹಚ್ಚಿದ ವಿಭೂತಿ

ಗುರುಗಳ ಹಿಮ್ಮಡಿಯ ಸೀಳುಗಳಲ್ಲಿ ಎರೆಮಣ್ಣು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಎಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯದಲ್ಲಿ ನಮಗೆ ಇತಿಹಾಸ ಕಲಿಸಿದ ಅವರು ಕುಬಿಹಾಳದ ಒಕ್ಕಲುತನದ ಮನೆಯವರು. ಭಾನುವಾರ ಕುಂಟೆ ಹೊಡೆದು, ಸೋಮವಾರ ಬೆಳಗಿನ ಬಸ್ಸಿಗೆ ಬಂದು ಪಾಠಕ್ಕೆ ನಿಲ್ಲುವರು. ಬೂಟಿನ ಪ್ರಾಧ್ಯಾಪಕರ ನಡುವೆ ಆ ಚಪ್ಪಲಿಗಾಲು ಕಂಡು ನಗುವವರಿದ್ದರು. ಗುರುಗಳಿಗೆ ಅದರ ಪರಿವೆಯೇ ಇರಲಿಲ್ಲ. “ಹೊಲಾ ಆದ್ರೂ ಅಷ್ಟ, ಇತಿಹಾಸ ಆದ್ರೂ ಅಷ್ಟ. ಬಗ್ಗಿದಂವಗ ಕಾಣತೈತಿ,” ಎನ್ನುತ್ತಿದ್ದರು.

ಅವರ ಹುಚ್ಚು ಶಾಸನಗಳದು. ಯಾವುದೋ ಊರಲ್ಲಿ ಅಕ್ಷರದ ಕಲ್ಲಿದೆ ಎಂದು ಕಿವಿಗೆ ಬಿದ್ದರೆ ಸಾಕು, ರಜೆ ಸಿಕ್ಕ ಕೂಡಲೇ ಹೊರಡುವರು. ಸವೆದ ಅಕ್ಷರ ಕಾಣದಿದ್ದರೆ ಕಿಸೆಯಿಂದ ವಿಭೂತಿ ಗಟ್ಟಿ ತೆಗೆದು, ಪುಡಿ ಮಾಡಿ, ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ತೀಡುವರು. ಕುಳಿಗಳಲ್ಲಿ ಬಿಳಿ ಕೂತು ಅಕ್ಷರ ಎದ್ದು ಬರುತ್ತಿದ್ದವು. ನನಗೂ ಹಾಗೇ ತೀಡಲು ಕಲಿಸಿದರು.

ನನ್ನ ಎಂ.ಎ. ಪ್ರಬಂಧಕ್ಕೆ ದೇವಿಕೊಪ್ಪದ ಕಡೆಯ ಹೊಲವೊಂದರ ಕಲ್ಲನ್ನು ಅವರೇ ಗೊತ್ತುಮಾಡಿದರು. ಯಾರೂ ಓದಿರದ ಕಲ್ಲು. ಹೊಲದ ಯಜಮಾನ ಅದನ್ನು ಒಡೆದು ದನದ ಮನೆಯ ಬುನಾದಿಗೆ ಹಾಕುವವನಿದ್ದ. ನಮಗಾಗಿ ಒಂದೆರಡು ದಿನ ತಡೆದ. ಇತ್ತ ಮನೆಯಲ್ಲಿ ನನಗೆ ಗಂಡು ನೋಡತೊಡಗಿದ್ದರು. ಪ್ರಬಂಧ ಆ ವರ್ಷ ಮುಗಿಯದಿದ್ದರೆ ನನ್ನ ಓದೇ ಮುಗಿದಂತೆ. ಕಲ್ಲಿಗೆಲ್ಲ ವಿಭೂತಿ ತೀಡಿ, ಮೇಲಿನ ಸಾಲುಗಳನ್ನು ಓದುವಷ್ಟರಲ್ಲಿ ಸಂಜೆಯಾಯಿತು. ತೊಳೆಯದೆ ಹಾಗೇ ಬಿಟ್ಟು ಬಂದೆವು.

ಮರುದಿನ ಹೋಗಿ ನೋಡಿದರೆ ಕಲ್ಲು ದೇವರಾಗಿತ್ತು! ವಿಭೂತಿ ಕಂಡ ಊರ ಹೆಣ್ಣುಮಕ್ಕಳು ಎಣ್ಣೆ ಸುರಿದು, ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಅಕ್ಷರಗಳ ತುಂಬ ಜಿಡ್ಡು. ಮೊದಲೇ ಅಳುಬುರುಕಿ ನಾನು, ಅಲ್ಲೇ ಕೂತು ಅತ್ತುಬಿಟ್ಟೆ. ಯಜಮಾನ ಮಾತ್ರ ಕೈಮುಗಿದು, “ಇನ್ನ ಒಡ್ಯೂದಿಲ್ರಿ ಸರ. ದೇವ್ರಿಗೆ ಯಾರ ಕೈ ಹಚ್ಚತಾರ್ರಿ?” ಎಂದ.

“ಹುಚ್ಚಿ, ಯಾಕ ಅಳತಿ? ಕಲ್ಲು ಉಳೀತಲ್ಲ!” ಎಂದು ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೆಂಗಸರತ್ತ ತಿರುಗಿ, “ಅಕ್ಕಾರ, ದೇವ್ರಿಗೆ ಬರೇ ಎಣ್ಣಿ ಹಚ್ಚಿ ಬಿಟ್ರ ಹ್ಯಾಂಗ? ನೀರ ಎರೀಬ್ಯಾಡೇನ್ರಿ?” ಎಂದು ಕೇಳಿದರು.

“ಹೌದ್ರಿ, ಖರೇನ!” ಎಂದು ಅವರೇ ಬಿಸಿನೀರು, ಸೀಗೆಪುಡಿ ತಂದು ತಿಕ್ಕಿ ತೊಳೆದರು. ಮಜ್ಜನವಾದ ಮೇಲೆ ನಾವು ಮತ್ತೆ ವಿಭೂತಿ ತೀಡಿದೆವು. ಕೆಳಗಿನ ಸಾಲುಗಳೂ ಎದ್ದವು. ಅಕ್ಷರ ಕಲಿಸುವವನೊಬ್ಬನಿಗೆ ಊರವರು ಹೊಲ ಬಿಟ್ಟುಕೊಟ್ಟ ಶಾಸನ ಅದು. ಗುರುಗಳ ಮುಖ ಅರಳಿತು. “ಇವಗೂ ಹೊಲಾ ಇತ್ತು, ಸಾಲಿ ಇತ್ತು. ನಮ್ಮಂಥಂವನ ನೋಡವಾ!” ಎಂದರು.

ಆ ಪ್ರಬಂಧದಿಂದಲೇ ನಾನೂ ಪಾಠ ಹೇಳುವವಳಾದೆ. ಈ ಬದುಕು ಅವರು ಕೊಟ್ಟದ್ದು.

ಅವರು ತೀರಿಕೊಂಡಾಗ ಕುಬಿಹಾಳಕ್ಕೆ ಹೋದೆ. ಅವರ ಹೊಲದಲ್ಲೇ ಸಮಾಧಿ ತೆಗೆದಿದ್ದರು. ಕುಳ್ಳಿರಿಸಿದ ದೇಹಕ್ಕೆ ಒಬ್ಬೊಬ್ಬರಾಗಿ ವಿಭೂತಿ ಹಚ್ಚುತ್ತಿದ್ದರು. ನನ್ನ ಸರದಿ ಬಂದಾಗ ಹೆಬ್ಬೆರಳು ತಾನಾಗಿಯೇ ಎಡದಿಂದ ಬಲಕ್ಕೆ ತೀಡಿತು. ಅವರ ಹಣೆಯ ಗೆರೆಗಳಲ್ಲಿ ಬಿಳಿ ಕೂತಿತು.