ಮೊದಲು ಗಿರಿಜಕ್ಕನಿಗೆ

ಗಿರಿಜಕ್ಕ ನಮ್ಮ ಮೇಜಿನ ಹತ್ತಿರ ಬಂದರೆಂದರೆ ಮೊದಲ ಕೆಲಸ ಮೌಸ್ ಕಿತ್ತುಕೊಳ್ಳುವುದು. ತಡಕಿ ಹಿಡಿದು, ವೈರ್ ಎಳೆದು, ತಮ್ಮ ಬ್ಯಾಗಿಗೆ ಹಾಕಿಕೊಂಡು, "ಈಗ ನಡಸಿ ತೋರ್ಸು, ನೋಡೂಣು" ಎನ್ನುತ್ತಿದ್ದರು. ಪೆರುಂಗುಡಿಯ ನಮ್ಮ ಆಫೀಸಿನಲ್ಲಿ ತಯಾರಾದ ಯಾವ ವೆಬ್‌ಸೈಟೂ ಅವರು ಬರೀ ಕೀಬೋರ್ಡಿನಿಂದ ಒಳಗೆಲ್ಲ ಓಡಾಡಿ 'ಹೂಂ' ಎನ್ನದೆ ಹೊರಗೆ ಹೋಗುವಂತಿರಲಿಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ಅವರಿಗೆ ಕಂಪ್ಯೂಟರ್ ಎಲ್ಲವನ್ನೂ ಓದಿ ಹೇಳುತ್ತಿತ್ತು, ಅದೂ ಎಂಥ ವೇಗದಲ್ಲಿ! ನಮಗೆ ಸಾಸಿವೆ ಸಿಡಿದ ಹಾಗೆ ಕೇಳುತ್ತಿದ್ದುದು ಅವರಿಗೆ ಸ್ಪಷ್ಟ ಮಾತು.

ಮೂಲ ಹುಬ್ಬಳ್ಳಿ. ಅಜ್ಜನ ಕಾಲದಿಂದ ಈ ತಮಿಳು ಊರಿನ ಸೌಕಾರ್‌ಪೇಟೆಯಲ್ಲಿ ಜವಳಿ ವ್ಯಾಪಾರ. ಹಾಗಾಗಿ ಬೈಗುಳ ಹುಬ್ಬಳ್ಳಿಯದು, ಸಮಾಧಾನ ತಮಿಳಿನದು. ನಾನು ಮೈಸೂರಿನಿಂದ ಹೊಸದಾಗಿ ಬಂದವನು. ಆಸ್ಪತ್ರೆಯೊಂದರ ವೆಬ್‌ಸೈಟ್ ಮಾಡುವಾಗ ಅವರನ್ನು ಮೆಚ್ಚಿಸಲೆಂದು ಅಂಚಿನ ಅಲಂಕಾರದ ಒಂದೊಂದು ಎಲೆಗೂ ಕಂಪ್ಯೂಟರ್ ಓದಿ ಹೇಳಲೆಂದು ವಿವರಣೆ ಬರೆದಿಟ್ಟೆ. ಕಂಪ್ಯೂಟರ್ "ಹಸಿರು ಎಲೆ, ಹಸಿರು ಎಲೆ" ಎಂದು ಜಪ ಶುರು ಮಾಡಿತು.

"ಎದಿನೋವು ಅಂತ ಬಂದಾಕಿಗೆ ತ್ವಾಟ ತೋರಸ್ತಿ ಏನಲೇ? ಡಾಕ್ಟರ್ ಎಲ್ಲಿದಾರ ಹೇಳು! ಪೋದುಂ ಪಾ, ಸಾಕು."

ಅದೇ ಸೈಟಿನಲ್ಲಿ ರೋಗಿಗಳ ರಿಪೋರ್ಟನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದೆ. ಚಿತ್ರದೊಳಗಿನ ಅಕ್ಷರವನ್ನು ಅವರ ಕಂಪ್ಯೂಟರ್ ಓದುತ್ತಿರಲಿಲ್ಲ. "ಮನೇಲಿ ಯಾರಾದ್ರೂ ಓದಿ ಹೇಳ್ತಾರಲ್ವಾ ಅಕ್ಕ?" ಎಂದುಬಿಟ್ಟೆ. ಅವರ ನಗು ನಿಂತಿತು.

"ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಓಣಿ ಮಂದಿಗೆಲ್ಲ ಗೊತ್ತಾಗಿ, ಕಡೀಗೆ ನನಗ ಗೊತ್ತಾತು. ನನ್ನ ಸುದ್ದಿ ಮೊದಲು ನನಗ ಸಿಗಬೇಕಲೇ ತಮ್ಮಾ. ಅಷ್ಟ ಕೇಳೂದು ನಾ."

ವಾರವಿಡೀ ಕೂತು ಎಲ್ಲವನ್ನೂ ಓದಬರುವ ಅಕ್ಷರವಾಗಿ ಬದಲಿಸಿದೆ.

ಇಷ್ಟು ಪಾಠವಾದ ಮೇಲೂ ಬುದ್ಧಿ ಬಂತೇ? ನನ್ನ ಮದುವೆಯ ಕರೆಯೋಲೆಯನ್ನು ಬಂಗಾರದ ಅಂಚಿನ ಚಂದದ ಚಿತ್ರ ಮಾಡಿಸಿ ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಎಲ್ಲರೂ ಶುಭ ಕೋರಿದರು, ಗಿರಿಜಕ್ಕನದು ಮಾತ್ರ ಸದ್ದಿಲ್ಲ. ಎರಡು ದಿನ ಕಾದು ಕೇಳಿದೆ.

"ಫೋಟೋ ಅಂತಷ್ಟ ಅಂತು ಫೋನು. ನಿನ್ನ ಮದುವಿ ಅಂತ ಕ್ಯಾಂಟೀನಿನಾಗ ಮಂದಿ ಮಾತಾಡೂದು ಕೇಳಿ ಗೊತ್ತಾತು."

ನಗುತ್ತಲೇ ಹೇಳಿದರು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ನಿಂತು ಮುಹೂರ್ತದಿಂದ ಹಿಡಿದು ಕಲ್ಯಾಣಮಂಟಪದ ದಾರಿಯವರೆಗೆ ಎಲ್ಲ ಟೈಪ್ ಮಾಡಿ ಕಳಿಸಿದೆ. ಫೋನ್ ಕಿವಿಗಿಟ್ಟು ಕೇಳಿಸಿಕೊಂಡು, "ಹುಡುಗಿ ಹೆಸರು ಚಂದ ಐತಿ, ಬರ್ತೇನಿ" ಎಂದರು. ಮೈಸೂರಿಗೆ ಬಂದರು, ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡರು.

ಹೋದ ವರ್ಷ ನಿವೃತ್ತರಾಗಿ ಹುಬ್ಬಳ್ಳಿ ಸೇರಿದರು. ಅವರ ಬೈಗುಳವಿಲ್ಲದೆ ಆಫೀಸು ಬಿಕೋ ಎನ್ನುತ್ತದೆ. ತುಂಬ ನೆನಪಾಗುತ್ತಾರೆ, ಸುಳ್ಳೇಕೆ.

ಮೊನ್ನೆ ಕೀಲ್ಪಾಕಿನ ಆಸ್ಪತ್ರೆಯಲ್ಲಿ ನನಗೆ ಮಗಳು ಹುಟ್ಟಿದಳು. ನರ್ಸ್ ಬಂದು ಹೇಳಿದ್ದೇ ತಡ, ಫೋನ್ ತೆಗೆದು ಗಿರಿಜಕ್ಕನಿಗೆ ಬರೆದೆ: "ಅಕ್ಕ, ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ಎಲ್ಲರಿಗಿಂತ ಮೊದಲು ನಿಮಗೇ ಹೇಳ್ತಿರೋದು."

ಮರುಕ್ಷಣವೇ ಉತ್ತರ ಬಂತು: "ಭಾಳ ಖುಷಿ ಆತಲೇ. ನಿಮ್ಮವ್ವಗ ಹೇಳೀಯೋ ಇಲ್ಲೋ?"

ಹೇಳಿರಲಿಲ್ಲ.