ಶಾಂತವ್ವ ಹೇಳಿದ ‘ಗೊತ್ತಿಲ್ಲ’

“ಜರಾ ಮಗ್ಗ ನಿಲ್ಲಸ್ರಿ, ಕೇಳ್ಸವಲ್ದು” ಅಂದವಳು ನಾನೇ. ತಪ್ಪಾಗಿದ್ದು ಅಲ್ಲಿಯೇ.

ಇಳಕಲ್ಲಿನ ಒಂದು ನೇಕಾರರ ಮನೆ. ಮಧ್ಯಾಹ್ನದ ಬಿಸಿಲು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಐಡಿ ಕಾರ್ಡು. ಲೋಕಸಭೆ ಚುನಾವಣೆಗೆ ಮುಂಚೆ, ಯಾರು ಗೆಲ್ಲಬಹುದೆಂದು ಅಂದಾಜು ಕಟ್ಟುವ ಒಂದು ಸಮೀಕ್ಷೆ ಕಂಪನಿಗಾಗಿ ಮನೆಮನೆ ಸುತ್ತುತ್ತಿದ್ದೆ.

ನನ್ನ ಅಸಲಿ ಕೆಲಸ ಬಾಗಲಕೋಟೆಯಲ್ಲಿ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುವುದು. ದವಾಖಾನೆಯಲ್ಲಿ ಒಂದು ಹನಿ ರಕ್ತ ತೆಗೆದು ಇಡೀ ಮೈಯ ಸುದ್ದಿ ಹೇಳುವುದಿಲ್ಲವೇ, ಹಾಗೆಯೇ ಕೆಲವರನ್ನು ಕೇಳಿ ದೇಶದ ಮನಸ್ಸು ಹೇಳಬಹುದು ಅಂತ ವರ್ಷಾನುಗಟ್ಟಲೆ ಪಾಠ ಮಾಡಿದವಳು. ಆ ಹನಿಯನ್ನು ನಾನೇ ತೆಗೆಯಬೇಕೆಂದು ರಜೆಯಲ್ಲಿ ಆಸೆ ಹುಟ್ಟಿತು ನೋಡಿ...

ಬಾದಾಮಿ, ಕೆರೂರ ಮುಗಿಸಿ ಇಳಕಲ್ಲಿಗೆ ಬಂದಿದ್ದೆ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಸಾಕು, ನಾನು ತಟ್ಟಿದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆಯುತ್ತಿದ್ದವು. ಒಳಗಿನವರು ಏನೇನೋ ಹೇಳುತ್ತಿದ್ದರು, ನಾನು ಟ್ಯಾಬ್ ಒತ್ತುತ್ತಲೇ ಇದ್ದೆ. ಊರಿಗೆಲ್ಲ ಮುಂಚೆ ನನಗೊಬ್ಬಳಿಗೇ ಗುಟ್ಟು ತಿಳಿಯುತ್ತಿದೆ ಅನ್ನುವ ಜಂಬ ಬೇರೆ.

ಆ ಮನೆಯಲ್ಲಿ ಎರಡು ಕೈಮಗ್ಗ, ನಡುವೆ ಎದೆಮಟ್ಟದ ಗೋಡೆ. ಈಚೆಗೆ ಸೊಸೆ ಶಾಂತವ್ವ, ಆಚೆಗೆ ಮಾವ. ಓಣಿಯಲ್ಲಿ ಒಂದು ಪಕ್ಷದ ಪ್ರಚಾರ ಮಾಡುವವರು ಈ ಮಾವನೇ. “ನಮ್ಮ ಮನಿಯಾವು ಐದೂ ವೋಟು ನಮ್ಮ ಪಾರ್ಟಿಗೇರಿ” ಅಂತ ಬಾಗಿಲಲ್ಲೇ ಹೇಳಿದ್ದರು. ಆದರೆ ನನ್ನ ಪಟ್ಟಿಯಲ್ಲಿದ್ದುದು ಸೊಸೆಯ ಹೆಸರು.

ಆಕೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೆಂಪು ಸೆರಗು ನೇಯುತ್ತಿದ್ದಾಳೆ. ಟಕ್ಕ... ಟಕ್ಕ... ಎರಡೂ ಮಗ್ಗದ ಸದ್ದು ಕೂಡಿ ನನಗೆ ಕೂತಲ್ಲೇ ಜೊಂಪು ಹತ್ತುತ್ತಿದೆ. ಪ್ರಶ್ನೆ ಕೇಳುತ್ತಿರುವುದು ನಾನೋ ಬೇರೆ ಯಾರೋ ತಿಳಿಯದ ಹಾಗೆ.

ಕೊನೆಯ ಪ್ರಶ್ನೆ, ಯಾರಿಗೆ ವೋಟು ಅನ್ನುವುದು. ಅದನ್ನು ಬಾಯಲ್ಲಿ ಹೇಳಿಸಬಾರದು, ಚೀಟಿ ಕೊಟ್ಟು, ಗುರುತು ಹಾಕಿಸಿ, ಮಡಚಿ ಡಬ್ಬಿಗೆ ಹಾಕಿಸಬೇಕು ಅಂತ ಕಂಪನಿಯ ನಿಯಮ. ಆಕೆಯ ಎರಡೂ ಕೈ ಕೆಲಸದಲ್ಲಿದ್ದವು. ನನಗೂ ಬಸ್ಸಿನ ಅವಸರ.

“ಬಾಯಿಲೇ ಹೇಳ್ರಿ, ನಾ ಒತ್ತಕೋತೇನಿ” ಅಂದೆ.

ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಮಗ್ಗ ನಿಲ್ಲಿಸಲು ಹೇಳಿದ್ದು ಆಗಲೇ.

ಆಕೆ ಮಗ್ಗ ನಿಲ್ಲಿಸಿದಳು. ಆಚೆಯ ಮಗ್ಗದ ಸದ್ದಿನ ಮರೆಯಲ್ಲಿ ನನ್ನ ಕಡೆ ಬಾಗಿದಳು. “ಮಾವಾರ ಪಾರ್ಟಿಗೆ ಅಲ್ರಿ. ಇದೊಂದ ವೋಟಾದ್ರೂ ನಂದ ಇರ್ಲಿ ಅಂತ ಮಾಡೇನಿ. ನಾ ಹಾಕೂದು...”

ಮಗ್ಗದ ಮನೆಗಳ ರೂಢಿ ನನಗೆ ಗೊತ್ತಿರಲಿಲ್ಲ. ಒಂದು ಮಗ್ಗ ತಟ್ಟನೆ ನಿಂತರೆ ಪಕ್ಕದ್ದೂ ನಿಲ್ಲುತ್ತದೆ. ಎಳೆ ಹರಿಯಿತೇನೋ ಅಂತ ಕೇಳಲಿಕ್ಕೆ, ಕೈ ಹಚ್ಚಲಿಕ್ಕೆ.

ಆಚೆಯ ಸದ್ದೂ ನಿಂತಿತು. ಆಕೆ ಪಕ್ಷದ ಹೆಸರು ಹೇಳಿದ್ದು ಸರಿಯಾಗಿ ಆ ಮೌನದೊಳಗೆ.

ಗೋಡೆಯ ಮೇಲೆ ಮಾವನ ಮುಖ ಕಾಣಿಸಿತು. “ಯಾಕ ನಿಂತ್ತು? ಎಳಿ ಹರೀತೇನು? ಏನೋ ಅಂದ್ಯಲ್ಲ.”

ಶಾಂತವ್ವನ ಮುಖ ಬಿಳುಚಿತು. ನಾಳೆ ನಾನು ಬಾಗಲಕೋಟೆಯಲ್ಲಿ ಇರುತ್ತೇನೆ, ಆಕೆ ಮಾತ್ರ ಇದೇ ಗೋಡೆಯ ಪಕ್ಕದಲ್ಲಿ ಇರಬೇಕು.

“ಮೇಡಮ್ಮಾರು ಪಾರ್ಟಿ ಹೆಸರು ಹೇಳಿ ಕೇಳಾಕತ್ತಿದ್ರಿ” ಅಂದಳು. “ನನಗ ಗೊತ್ತಿಲ್ಲ, ಇನ್ನೂ ವಿಚಾರ ಮಾಡಿಲ್ಲ ಅಂದ್ನಿರಿ.”

ಮಾವ ಗೋಡೆ ಸುತ್ತಿ ಬಂದು ನನ್ನ ಹೆಗಲ ಹಿಂದೆ ನಿಂತರು. “ಖರೆ ಏನ್ರಿ ಮೇಡಮ್ಮಾರ?”

“ಹೌದ್ರಿ, ಗೊತ್ತಿಲ್ಲ ಅಂದ್ರು” ಅಂದೆ. ಅವರು ನೋಡುತ್ತಿರುವಾಗಲೇ ‘ಇನ್ನೂ ನಿರ್ಧರಿಸಿಲ್ಲ’ ಒತ್ತಿದೆ.

“ಇದರಾಗ ವಿಚಾರ ಮಾಡೂದೇನೈತಿ, ನಾ ಹೇಳ್ತೇನಲ್ಲ” ಎಂದು ಅವರು ನಕ್ಕರು. ಚಹಾ ಕುಡಿದೇ ಹೋಗಬೇಕೆಂದರು. ಹೆಸರು ಅವರಿಗೆ ಕೇಳಿಸಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮತ್ತೆ ಟಕ್ಕ... ಟಕ್ಕ... ನಾನು ಹೊರಬಿದ್ದೆ. ಶಾಂತವ್ವ ತಲೆ ಎತ್ತಲಿಲ್ಲ.

ಬಾಗಲಕೋಟೆಗೆ ಮರಳುವ ದಾರಿಯಲ್ಲಿ ಹುನಗುಂದ ಬಸ್ ನಿಲ್ದಾಣದಲ್ಲಿ ಕೂತು ಟ್ಯಾಬ್ ತೆಗೆದೆ. ಕಳಿಸುವ ಮುಂಚೆ ಉತ್ತರ ತಿದ್ದಬಹುದಿತ್ತು, ಆಕೆಯ ಖರೆ ಉತ್ತರ ನನಗೆ ಗೊತ್ತಿತ್ತು. ಕಲಿತ ವಿದ್ಯೆ ತಿದ್ದು, ತಿದ್ದು ಅನ್ನುತ್ತಿತ್ತು.

ಆದರೆ ಅದು ಆಕೆ ಕೊಟ್ಟದ್ದಲ್ಲ, ಮಗ್ಗ ನಿಲ್ಲಿಸಿ ನಾನು ಕಿತ್ತುಕೊಂಡದ್ದು ಅನಿಸಿತು. ಹಾಗೇ ಕಳಿಸಿಬಿಟ್ಟೆ.

ಕೆಲವು ದಿನಗಳ ಮೇಲೆ ಸಮೀಕ್ಷೆ ಟಿವಿಯಲ್ಲಿ ಬಂತು. ಮನೆಯವರೆಲ್ಲ ಎರಡು ಪಕ್ಷಗಳ ದೊಡ್ಡ ಬಣ್ಣದ ಪಟ್ಟಿಗಳನ್ನು ನೋಡುತ್ತಿದ್ದರೆ ನನ್ನ ಕಣ್ಣು ಕೆಳಗಿನ ‘ಇನ್ನೂ ನಿರ್ಧರಿಸಿಲ್ಲ’ ಅನ್ನುವ ಸಣ್ಣ ಬೂದು ಪಟ್ಟಿಯ ಮೇಲೆ. ಇವರಿನ್ನೂ ಗೊಂದಲದಲ್ಲಿರುವ ಮತದಾರರು ಅಂದ ಆ್ಯಂಕರ್. ನನಗೆ ಅಳು ಬಂತು... ಯಾಕೆ ಅಂತ ಕೇಳಿದ್ದಕ್ಕೆ ಏನಿಲ್ಲ ಅಂದೆ.

ನಿಮ್ಮ ಮನೆಯಲ್ಲಿ ‘ನನಗೇನೂ ಗೊತ್ತಿಲ್ಲ’ ಅನ್ನುವವರು ಯಾರು... ಅವರಿಗೆ ನಿಜಕ್ಕೂ ಗೊತ್ತಿಲ್ಲವೇ?